ಅಪ್ಪನ ಬಸವನಹುಳು, ಮಗನ ಅಣುಜೀವಿ

ಸಿಹಿನೀರಿನ ಸಿಗಡಿಗಳನ್ನು ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಈಚೆಗೆ ನಮ್ಮ ಪಟ್ಟಣಗಳಿಗೂ ಬಂದಿದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಚೆರಿಹಣ್ಣಿನ ಬಣ್ಣದ ಈ ಪ್ರಾಣಿಗಳು ಹಗಲೆಲ್ಲ ಎಲೆಗಳನ್ನು ತಡವುತ್ತ, ನಮ್ಮ ಕಣ್ಣಿಗೆ ಕಾಣದ ಏನನ್ನೋ ಹೆಕ್ಕಿ ತಿನ್ನುತ್ತ ಇರುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಹೊಸದಾಗಿ ತೊಟ್ಟಿ ಹೂಡುವವರಿಗೆ ಬಲ್ಲವರು ಹೇಳುವ ಮೊದಲನೆಯ ಬುದ್ಧಿಮಾತು ತುಸು ವಿಚಿತ್ರವಾದದ್ದು. ಮರಳು ಹಾಸಿ, ಗಿಡ ನೆಟ್ಟು, ನೀರು ತುಂಬಿ, ಕೆಲವು ವಾರ ಸುಮ್ಮನೆ ಕಾಯಿರಿ. ಸಿಗಡಿ ತರುವುದು ಆಮೇಲೆ! ನೀರು ತಿಳಿಯಾಗಿಯೇ ಇದೆ. ಇನ್ನು ಕಾಯುವುದು ಯಾರಿಗಾಗಿ?

ನನಗೂ ಬಂದ ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ 19ನೆಯ ಶತಮಾನದ ಲಂಡನ್ನಿನಲ್ಲಿ ಒಂದೇ ಹೆಸರಿನ ತಂದೆ ಮಗ ಇಬ್ಬರು ಎದುರಾದರು. ಇಬ್ಬರೂ ರಾಬರ್ಟ್ ವಾರಿಂಗ್ಟನ್, ಇಬ್ಬರೂ ರಸಾಯನಶಾಸ್ತ್ರಜ್ಞರು.

ಬಟ್ಟಲಿನಲ್ಲಿ ಹೊನ್ನಮೀನು ಬಿಟ್ಟು ನೋಡುವುದು ಅದಕ್ಕೂ ಬಹಳ ಹಿಂದಿನದು. ಆದರೆ ಆ ಬಟ್ಟಲಿನ ನೀರನ್ನು ಮೇಲಿಂದ ಮೇಲೆ ಬದಲಾಯಿಸುತ್ತಿರಬೇಕಿತ್ತು. ಇಲ್ಲವಾದರೆ ಮೀನು ಸಾಯುತ್ತಿತ್ತು. ಇತ್ತ 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ, ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನಾ ಗಿಡ ಮತ್ತೆ ಸರಿಪಡಿಸುತ್ತದೆಂದು ಕಂಡುಕೊಂಡಿದ್ದ. ಅದಕ್ಕೆ ಬಿಸಿಲು ಬೇಕೆಂಬುದನ್ನು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದ. ಗಾಳಿಯಲ್ಲಿ ನಡೆಯುವ ಈ ಕೊಡುಕೊಳೆ ನೀರಿನಲ್ಲಿಯೂ ನಡೆದೀತೆ?

ತಂದೆ ವಾರಿಂಗ್ಟನ್ ಲಂಡನ್ನಿನ ಔಷಧಕಾರರ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ. 1849ರ ಮೇ ತಿಂಗಳಲ್ಲಿ ಆತ ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ಮರಳು, ಕೆಸರು, ಕಲ್ಲು ಹಾಕಿ, ಪಟ್ಟಿಯಂಥ ಉದ್ದನೆಯ ಎಲೆಗಳ ವ್ಯಾಲಿಸ್ನೇರಿಯ ಎಂಬ ನೀರುಗಿಡ ನೆಟ್ಟು, ಎರಡು ಹೊನ್ನಮೀನು ಬಿಟ್ಟ. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಕೊಟ್ಟ ಪ್ರಾಣವಾಯು ಮೀನಿಗೆ, ಲೆಕ್ಕ ಸರಿಹೋಗಬೇಕಿತ್ತು. ಸರಿಹೋಗಲಿಲ್ಲ. ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಮೇಲೆ ಹಸುರು ಲೋಳೆ ಕಟ್ಟಿತು.

ಆಗ ಆತ ಕೆರೆಯ ಬಸವನಹುಳುಗಳನ್ನು ಐದಾರು ತಂದು ಒಳಗೆ ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಗಿ ನಿಂತಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಆತ ಇದನ್ನು ಪ್ರಕಟಿಸಿದ. ಮೀನು ಮತ್ತು ಗಿಡ ಇಬ್ಬರೇ ಇದ್ದರೆ ಸಂಸಾರ ಸಾಗದು, ಎಂಜಲೆತ್ತುವ ಮೂರನೆಯವನು ಬೇಕು ಎಂಬುದೇ ಆ ಬರಹದ ತಿರುಳೆಂದು ನಾನು ತಿಳಿದಿದ್ದೇನೆ.

ಮುಂದಿನದು ಬೇಗಬೇಗ ನಡೆದ ಕಥೆ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿಯೇ ರದ್ದಾಗಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಹೊರಬಂದಿತು. ಮಧ್ಯಮ ವರ್ಗದವರ ಮನೆಮನೆಗೂ ತೊಟ್ಟಿ ಬಂದಿತು. ಹತ್ತು ಹದಿನೈದು ವರ್ಷಗಳಲ್ಲಿ ಆ ಹುಚ್ಚು ಇಳಿಯಿತು.

ತಂದೆ ಹೊನ್ನಮೀನು ಬಿಟ್ಟಾಗ ಮಗನಿಗೆ ಹತ್ತು ವರ್ಷ. ತಂದೆಯ ಪ್ರಯೋಗಶಾಲೆಯಲ್ಲಿಯೇ ರಸಾಯನಶಾಸ್ತ್ರ ಕಲಿತ ಆ ಹುಡುಗ ಮುಂದೆ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತಿದ್ದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಚರಂಡಿಯ ನೀರನ್ನು ಮರಳಿನ ಕಂಬದ ಮೂಲಕ ಮೆಲ್ಲಗೆ ಇಳಿಸಿದರು. ಕೆಲವು ದಿನ ಏನೂ ಆಗದೆ, ಆಮೇಲೆ ನೀರಿನ ಅಮೋನಿಯ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರಂ ಹಾಯಿಸಿದರೆ ಕೆಲಸ ನಿಂತಿತು. ಅಂದಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದುದು ಜೀವಿಗಳು. ಮಗ ವಾರಿಂಗ್ಟನ್ ಈ ಎಳೆಯನ್ನು ಹಿಡಿದು ವರ್ಷಗಟ್ಟಲೆ ದುಡಿದು, ಕೆಲಸ ಎರಡು ಹಂತದ್ದೆಂದೂ, ಅಮೋನಿಯವನ್ನು ನೈಟ್ರೈಟ್ ಮಾಡುವ ಜೀವಿ ಬೇರೆ, ನೈಟ್ರೈಟನ್ನು ನೈಟ್ರೇಟ್ ಮಾಡುವ ಜೀವಿ ಬೇರೆ ಎಂದೂ ತೋರಿಸಿದ. ಆದರೆ ಆ ಜೀವಿಗಳನ್ನು ಬೇರ್ಪಡಿಸುವುದು ಆತನಿಗೆ ಸಾಧ್ಯವಾಗಲಿಲ್ಲ. ಆ ಕೀರ್ತಿ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು.

ತಂದೆಯ ಪಾತ್ರೆಯಲ್ಲಿ ಬಸವನಹುಳುವಿನ ಜೊತೆಗೆ ದುಡಿಯುತ್ತಿದ್ದ ನಾಲ್ಕನೆಯವನು ಈ ಬ್ಯಾಕ್ಟೀರಿಯ. ತಂದೆಗೆ ಅದು ಗೊತ್ತಿರಲಿಲ್ಲ. ನಾವು ವಾರಗಟ್ಟಲೆ ಕಾಯುವುದು ಇವನಿಗಾಗಿಯೇ. ಸಿಗಡಿಯ ಮಲಿನದಿಂದಲೂ ಮಿಕ್ಕ ಆಹಾರದಿಂದಲೂ ಹುಟ್ಟುವ ಅಮೋನಿಯ ವಿಷ. ಅದರಿಂದಾಗುವ ನೈಟ್ರೈಟ್ ಕೂಡ ವಿಷವೇ. ಎರಡೂ ಬಗೆಯ ಅಣುಜೀವಿಗಳು ಮರಳಿನಲ್ಲಿ, ಸ್ಪಂಜಿನ ಶೋಧಕದಲ್ಲಿ ನೆಲೆಯೂರಿದ ಮೇಲೆಯೇ ನೀರು ವಾಸಯೋಗ್ಯವಾಗುತ್ತದೆ. ಆ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು.

ಬಸವನಹುಳುವಿನ ಜಾಗಕ್ಕೆ ಸಿಗಡಿ ಬಂದದ್ದು ಜಪಾನಿನಲ್ಲಿ. ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ನೀರಿನೊಳಗೆ ತೋಟ ಮಾಡುವ ಕಲೆಯಲ್ಲಿ ಹೆಸರಾದವನು. ಗಿಡಕ್ಕೆ ಹತ್ತುವ ಪಾಚಿಯನ್ನು ತಿನ್ನಿಸಲು 1980ರ ದಶಕದ ಮೊದಲಲ್ಲಿ ಆತ ತನ್ನ ದೇಶದ ಹೊಳೆಯ ಸಿಗಡಿಯೊಂದನ್ನು ಬಳಸತೊಡಗಿದ. ಇಂದು ಅದು ಅವನ ಹೆಸರಿನಿಂದಲೇ ಪ್ರಸಿದ್ಧ. ಅದರ ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು. ನಮ್ಮ ಮನೆಗಳ ಕೆಂಪು ಸಿಗಡಿಗೆ ಆ ತೊಡಕಿಲ್ಲ. ತಾಯಿ ಹೊಟ್ಟೆಯಡಿಯಲ್ಲಿ ಮೊಟ್ಟೆ ಹೊತ್ತು ತಿರುಗುತ್ತದೆ. ಮರಿಗಳು ದೊಡ್ಡವರ ಪಡಿಯಚ್ಚಿನಂತೆಯೇ ಹೊರಬರುತ್ತವೆ. ಕಳಚಿ ಬಿದ್ದ ಪೊರೆಯನ್ನು ಸತ್ತ ಸಿಗಡಿಯೆಂದು ಎಸೆಯಬಾರದು. ಅವು ಅದನ್ನೂ ತಿನ್ನುತ್ತವೆ. ನಮ್ಮ ಮನೆಗಳಿಗೆ ಇನ್ನೊಂದು ಎಚ್ಚರ: ತಾಮ್ರದ ಹಂಡೆಯಲ್ಲಿ ತುಂಬಿಟ್ಟ ನೀರನ್ನು ತೊಟ್ಟಿಗೆ ಸುರಿಯಬಾರದು. ಸಿಗಡಿಯ ರಕ್ತದಲ್ಲಿಯೇ ತಾಮ್ರವಿದ್ದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ಮಾರಕ.

ತೊಟ್ಟಿಯ ಈ ಲೆಕ್ಕವೇ ಕೆರೆಯ ಲೆಕ್ಕವೂ ಹೌದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಎಂಜಲೆತ್ತುವವರಿಗೂ ಒಂದು ಶಕ್ತಿಯಿದೆ. ಅದನ್ನು ಮೀರಿ ಚರಂಡಿಯ ಕೊಳೆ ಸುರಿದರೆ ಅದನ್ನು ಕೊಳೆಯಿಸುವ ಕೆಲಸದಲ್ಲಿಯೇ ನೀರಿನ ಪ್ರಾಣವಾಯು ಮುಗಿದುಹೋಗುತ್ತದೆ. ತೊಟ್ಟಿಗೆ ಒಂದು ಚಿಟಿಕೆ ಆಹಾರ ಹೆಚ್ಚು ಹಾಕಿದವರಿಗೂ ಇದು ಗೊತ್ತು.

ಆದ್ದರಿಂದ ತೊಟ್ಟಿ ಕೊಂಡ ದಿನವೇ ಸಿಗಡಿ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ನಾನು ಈ ಅಪ್ಪ ಮಗನ ಕಥೆ ಹೇಳುತ್ತೇನೆ. ಬಸವನಹುಳುವಿನಿಂದ ಅಣುಜೀವಿಯವರೆಗೆ ತಿಳಿದುಕೊಳ್ಳಲು ಮನುಷ್ಯನಿಗೆ ನಾಲ್ಕು ದಶಕ ಬೇಕಾಯಿತು. ನಾವು ಕಾಯಬೇಕಾದದ್ದು ನಾಲ್ಕಾರು ವಾರ ಮಾತ್ರ.