ಅತಿಥಿಯೋ, ಬಂದಿಯೋ?

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಉಳುಮೆಗೆ ಒದಗದ ಭೂಮಿಯನ್ನು ಅರಸನು ಹೇಗೆ ವಿನಿಯೋಗಿಸಬೇಕೆಂಬ ಪ್ರಕರಣವೊಂದುಂಟು. ಅಲ್ಲಿ ಗ್ರಂಥಕಾರನು ಎರಡು ಬಗೆಯ ಮೃಗವನಗಳನ್ನು ವಿಧಿಸುತ್ತಾನೆ. ಮೊದಲನೆಯದು ಅರಸನ ವಿಹಾರಕ್ಕಾಗಿ. ಅದಕ್ಕೆ ಒಂದೇ ಬಾಗಿಲು, ಸುತ್ತಲೂ ಕಂದಕ. ಒಳಗೆ ಮುಳ್ಳಿಲ್ಲದ ಮರಗಳು, ಸವಿಹಣ್ಣಿನ ಪೊದೆಗಳು, ಆಳವಿಲ್ಲದ ಕೊಳಗಳು. ಅಲ್ಲಿರತಕ್ಕ ಜಿಂಕೆ ಮೊದಲಾದವು ಪಳಗಿದವು. ಕ್ರೂರಮೃಗಗಳಾದರೋ ಉಗುರು ಕೋರೆಗಳನ್ನು ಮುರಿಸಿಕೊಂಡವು. ಎರಡನೆಯ ವನವು ನಾಡಿನ ಗಡಿಯಲ್ಲಿ, ಭೂಮಿಯ ಅನುಕೂಲವನ್ನು ನೋಡಿ ಏರ್ಪಡಿಸತಕ್ಕದ್ದು. ಅದಕ್ಕೆ ಅವನು ಕೊಟ್ಟ ವಿಶೇಷಣವು ಒಂದೇ: ಸರ್ವಾತಿಥಿಮೃಗ, ಎಂದರೆ ಎಲ್ಲ ಮೃಗಗಳೂ ಅತಿಥಿಗಳಾಗಿರುವ ವನ.

ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯು ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1905ರಲ್ಲಿ. ಅದು ಅಚ್ಚಾದುದು 1909ರಲ್ಲಿ. ಅದೇ ಊರಿನಲ್ಲಿ, ಅದೇ 1909ನೆಯ ಇಸವಿಯಲ್ಲಿ, ಅರಮನೆಯ ಮೃಗಾಲಯಕ್ಕೆ ಅದನ್ನು ಸ್ಥಾಪಿಸಿದ ಮಹಾರಾಜರ ನೆನಪಿಗಾಗಿ ಚಾಮರಾಜೇಂದ್ರ ಮೃಗಾಲಯವೆಂಬ ಹೆಸರು ಬಂದಿತು. ಇದು ಕಾಕತಾಳೀಯವೇ ಸರಿ. ಆದರೂ ಕೌಟಿಲ್ಯನ ಎರಡು ವನಗಳಲ್ಲಿ ನಮ್ಮ ಮೃಗಾಲಯಗಳು ಯಾವುದರ ಸಂತತಿಯವು ಎಂಬ ಪ್ರಶ್ನೆಯು ಇದರಿಂದ ತಾನಾಗಿಯೇ ಏಳುತ್ತದೆ. ಅದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕೌಟಿಲ್ಯನು ಕರುಣಾಮೂರ್ತಿಯೆಂದು ಯಾರೂ ಹೇಳುವಂತಿಲ್ಲ. ಆನೆಗಳನ್ನು ಹಿಡಿಯುವ ಕ್ರಮವನ್ನು ಅವನು ಸವಿಸ್ತಾರವಾಗಿ ಬರೆದಿದ್ದಾನೆ. ಹಾಗಿದ್ದರೂ ಸೂನಾಧ್ಯಕ್ಷನ ಪ್ರಕರಣದಲ್ಲಿ, ಅಭಯವನದಲ್ಲಿ ವಾಸಿಸುವ ಮೃಗ, ಪಶು, ಪಕ್ಷಿ, ಮತ್ಸ್ಯಗಳನ್ನು ಕಟ್ಟಿದವನಿಗೂ ಕೊಂದವನಿಗೂ ಹಿಂಸಿಸಿದವನಿಗೂ ಒಂದೇ ದಂಡವನ್ನು, ಅದೂ ಉತ್ತಮ ಸಾಹಸದಂಡವನ್ನು, ವಿಧಿಸಿದ್ದಾನೆ. ಇಲ್ಲಿ ಬಂಧನವು ವಧೆಯ ಪಕ್ಕದಲ್ಲಿಯೇ ನಿಂತಿರುವುದನ್ನು ವಾಚಕರು ಗಮನಿಸಬೇಕು. ಮೀನು ಕೂಡ ಬಿಟ್ಟುಹೋಗಿಲ್ಲ. ಅಷ್ಟೇ ಅಲ್ಲ, ಜೀವಸಹಿತ ಹಿಡಿದು ತಂದ ಪಕ್ಷಿಮೃಗಗಳಲ್ಲಿ ಆರನೆಯ ಒಂದು ಪಾಲನ್ನು ಅಭಯವನಗಳಲ್ಲಿ ಬಿಟ್ಟುಬಿಡಬೇಕೆಂದೂ ಅವನು ಹೇಳುತ್ತಾನೆ. ಬೆಳೆಯಲ್ಲಿ ಅರಸನಿಗೆ ಷಡ್ಭಾಗವು ಸಲ್ಲುವಂತೆ ಬೇಟೆಯಲ್ಲಿ ಕಾಡಿಗೆ ಷಡ್ಭಾಗವು ಸಲ್ಲತಕ್ಕದ್ದು. ಅಶೋಕನ ಐದನೆಯ ಸ್ತಂಭಶಾಸನದಲ್ಲಿಯೂ ಇಂಥದೊಂದು ಜೋಡಣೆಯಿದೆ. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಟ್ಟು, ತನ್ನ ಪಟ್ಟಾಭಿಷೇಕವಾಗಿ 26 ವರ್ಷಗಳಾಗುವಷ್ಟರಲ್ಲಿ 25 ಸಲ ಸೆರೆಯಾಳುಗಳ ಬಿಡುಗಡೆಯಾಯಿತೆಂಬ ಮಾತಿನಿಂದ ಆ ಶಾಸನವು ಮುಗಿಯುತ್ತದೆ.

ಇನ್ನು ಅತಿಥಿ ಎಂಬ ಪದ. ಒಂದೆಡೆ ನಿತ್ಯವಾಗಿ ನಿಲ್ಲದವನಾದುದರಿಂದ ಅವನು ಅತಿಥಿಯೆಂದು ಸ್ಮೃತಿಕಾರರು ನಿರ್ವಚನ ಮಾಡುತ್ತಾರೆ. ಆದ್ದರಿಂದ ಆತಿಥ್ಯಕ್ಕೆ ಮೂರು ಅಂಗಗಳು: ಬಂದವನ ಪ್ರಕೃತಿಗೆ ಒಗ್ಗುವ ಅನ್ನ ಮತ್ತು ನೆಲೆ, ಅವನ ಮಾನಕ್ಕೆ ಕುಂದಿಲ್ಲದ ನಡತೆ, ಹೊರಡುವಾಗ ತೆರೆಯುವ ಬಾಗಿಲು. ಮೊದಲೆರಡು ಇದ್ದು ಮೂರನೆಯದು ಇಲ್ಲದಿದ್ದರೆ ಅದು ಸುಖವಾದ ಸೆರೆಮನೆಯೇ ಹೊರತು ಆತಿಥ್ಯವಲ್ಲ.

ಆಧುನಿಕ ಮೃಗಾಲಯದ ವಂಶವೃಕ್ಷವಾದರೋ ವಿಹಾರವನದಿಂದಲೇ ಹೊರಟಿದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು ವರ್ಸೇಲ್ಸಿನ ಅರಮನೆಯಲ್ಲಿ ಮೃಗಶಾಲೆಯನ್ನು ಕಟ್ಟಿಸಿದನು. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯು 1752ರಲ್ಲಿ ವಿಯೆನ್ನದ ಶನ್‌ಬ್ರುನ್ನಿನಲ್ಲಿ ಮತ್ತೊಂದನ್ನು ಕಟ್ಟಿಸಿದನು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ದೊರೆಯ ತಲೆ ಹೋಯಿತು. ಅವನ ಮೃಗಗಳಲ್ಲಿ ಅಳಿದುಳಿದವು ಪ್ಯಾರಿಸಿನ ಸಸ್ಯೋದ್ಯಾನಕ್ಕೆ ಬಂದು ಜನತೆಯ ಸ್ವತ್ತಾದುವು. ಒಡೆಯನು ಬದಲಾದನು, ಪಂಜರವು ಬದಲಾಗಲಿಲ್ಲ. 1828ರಲ್ಲಿ ಲಂಡನ್ನಿನಲ್ಲಿ ಪ್ರಾಣಿಶಾಸ್ತ್ರಸಂಘದವರು ತಮ್ಮ ಉದ್ಯಾನವನ್ನು ವಿದ್ಯೆಯ ಹೆಸರಿನಲ್ಲಿ ತೆರೆದರು. ಸಾಮಾನ್ಯ ಜನರಿಗೆ ಪ್ರವೇಶ ದೊರೆತುದು 1847ರಲ್ಲಿ. ಗಾಜಿನ ತೊಟ್ಟಿಗಳಲ್ಲಿ ಮೀನುಗಳನ್ನಿರಿಸುವ ಸಾರ್ವಜನಿಕ ಮತ್ಸ್ಯಾಲಯವು ಅಲ್ಲಿಯೇ 1853ರಲ್ಲಿ ಪ್ರಾರಂಭವಾಯಿತು.

1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿ ಕಾರ್ಲ್ ಹಾಗೆನ್‌ಬೆಕ್ ಎಂಬಾತನು ಕಬ್ಬಿಣದ ಸರಳುಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕಣ್ಣಿಗೆ ಬೀಳದ ಕಂದಕಗಳನ್ನು ತೋಡಿಸಿದನು. ಸಿಂಹವು ಬಯಲಿನಲ್ಲಿ ನಿಂತಂತೆ ಕಂಡಿತು. ಲೋಕವು ಇದನ್ನು ನವೀನ ಸಂಶೋಧನೆಯೆಂದು ಕೊಂಡಾಡಿತು. ಕೌಟಿಲ್ಯನ ವಿಹಾರವನಕ್ಕೂ ಕಂದಕವೇ ಕಾವಲಾಗಿತ್ತೆಂಬುದನ್ನು ನಾವು ನೆನೆಯಬಹುದು. ಸರಳು ಹೋದುದರಿಂದ ಪ್ರಾಣಿಗೆ ಒಂದಿಷ್ಟು ಹಿತವಾಯಿತು, ನಿಜ. ಆದರೆ ಹೆಚ್ಚಿನ ಹಿತವಾದುದು ನೋಡುವವನ ಮನಸ್ಸಿಗೆ.

ಈ ಹಾಗೆನ್‌ಬೆಕ್ಕನು ಮೂಲತಃ ಪ್ರಾಣಿಗಳ ವ್ಯಾಪಾರಿ. 1870ರ ದಶಕದಿಂದ ಉತ್ತರದೇಶದ ಸಾಮಿ ಜನರನ್ನೂ ಇತರರನ್ನೂ ಪ್ರದರ್ಶನಕ್ಕೆ ತಂದವನೂ ಅವನೇ. ಈ ಹಾದಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಒಂದು ನಿದರ್ಶನ ಸಾಕು. 1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದವರು ಕಾಂಗೋ ದೇಶದ ಓಟ ಬೆಂಗ ಎಂಬ ಯುವಕನನ್ನು ಕಪಿಗಳ ಮನೆಯಲ್ಲಿರಿಸಿ ಜನರಿಗೆ ತೋರಿಸಿದರು. ಆಫ್ರಿಕ ಮೂಲದ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನಿಗೆ ಅಲ್ಲಿಂದ ಬಿಡುಗಡೆಯಾಯಿತು. ಹತ್ತು ವರ್ಷಗಳ ಬಳಿಕ ಅವನು ಆತ್ಮಹತ್ಯೆ ಮಾಡಿಕೊಂಡನು. ಆ ಮೃಗಾಲಯದ ಸಂಸ್ಥೆಯು ಕ್ಷಮೆ ಕೇಳಿದುದು 2020ರಲ್ಲಿ. ಕೌತುಕಕ್ಕಾಗಿ ನೋಡುವ ಕಣ್ಣು ತನ್ನ ಎದುರಿಗಿರುವುದು ಯಾರೆಂದು ವಿಚಾರಿಸುವುದಿಲ್ಲ. ಪಂಜರದ ಮೊದಲನೆಯ ದೋಷವಿರುವುದು ಈ ನೋಟದಲ್ಲಿ.

ಆದರೆ ಮೃಗಾಲಯದಿಂದ ಜ್ಞಾನವೂ ರಕ್ಷಣೆಯೂ ದೊರೆಯುವುದಿಲ್ಲವೇ ಎಂದು ಕೇಳುವವರುಂಟು. ಇದನ್ನು ತಳ್ಳಿಹಾಕದೆ ಪರೀಕ್ಷಿಸಬೇಕು. ದಕ್ಷಿಣ ಆಫ್ರಿಕದ ಕ್ವಾಗ್ಗ ಎಂಬ ಪಟ್ಟೆಕುದುರೆಯ ಕೊನೆಯ ಹೆಣ್ಣು 1883ರಲ್ಲಿ ಆಂಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು. ಒಂದು ಕಾಲಕ್ಕೆ ಅಮೆರಿಕದ ಆಕಾಶವನ್ನೇ ಮುಚ್ಚುತ್ತಿದ್ದ ಪ್ರಯಾಣಿಕ ಪಾರಿವಾಳಗಳಲ್ಲಿ ಕೊನೆಯದಾದ ಮಾರ್ತ ಎಂಬುದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಪ್ರಾಣಬಿಟ್ಟಿತು. ಟಾಸ್ಮೇನಿಯದ ಚೀಲಹೊಟ್ಟೆಯ ತೋಳದ ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬರ್ಟಿನ ಮೃಗಾಲಯದಲ್ಲಿ ಅಳಿಯಿತು. ಈ ಮೂರೂ ಸಂತತಿಗಳು ಪಂಜರದೊಳಗೆ, ಜನರ ಕಣ್ಣೆದುರಿನಲ್ಲಿಯೇ ಮುಗಿದುವು. ಬರಿಯ ನೋಡುವಿಕೆಯಿಂದ ಯಾವ ಕುಲವೂ ಉಳಿಯುವುದಿಲ್ಲ.

ಪಂಜರದೊಳಗಿನ ಜೀವನದ ವಿಷಯದಲ್ಲಿ ಈಚಿನ ಶಾಸ್ತ್ರಜ್ಞರ ಲೆಕ್ಕಗಳು ಇನ್ನೂ ಸ್ಪಷ್ಟವಾಗಿವೆ. ಹಿಮಕರಡಿಯ ಮೃಗಾಲಯದ ಆವರಣವು ಸಾಧಾರಣವಾಗಿ ಅದರ ಸಹಜ ಸಂಚಾರಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರವೆಂದು 2003ರಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು ಪ್ರಕಟಿಸಿದರು. 2008ರಲ್ಲಿ ಬಂದ ಇನ್ನೊಂದು ಸಂಶೋಧನೆಯಂತೆ, ಯೂರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯದ ಹೆಣ್ಣಾನೆಯ ಮಧ್ಯಮ ಆಯುಷ್ಯವು 18.9 ವರ್ಷ, ಬರ್ಮಾದಲ್ಲಿ ಮರದ ದಿಮ್ಮಿಗಳನ್ನೆಳೆಯುವ ಹೆಣ್ಣಾನೆಯದು 41.7 ವರ್ಷ. ಬರ್ಮಾದ ಆನೆಯೂ ಬಂದಿಯೇ, ದುಡಿಯುವ ಬಂದಿ. ಆದರೆ ಸಂಜೆಯಾದೊಡನೆ ಅದನ್ನು ಕಾಡಿಗೆ ಬಿಡುತ್ತಾರೆ; ಅಲ್ಲಿ ಮೇವುಂಟು, ತನ್ನವರುಂಟು. ಕೆಲಸವಿಲ್ಲದೆ ಕುಳಿತು ಉಣ್ಣುವ ಆನೆಗಿಂತ ಹಗಲೆಲ್ಲ ದುಡಿದು ರಾತ್ರಿ ಕಾಡನ್ನು ಕಾಣುವ ಆನೆಯು ಹೆಚ್ಚು ಕಾಲ ಬದುಕುವುದಾದರೆ, ಪ್ರಾಣಿಗೆ ಬೇಕಾದುದು ಅನ್ನವೊಂದೇ ಅಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಇಷ್ಟನ್ನು ಹೇಳಿದ ಮೇಲೆ ಎದುರುಪಕ್ಷಕ್ಕೂ ನ್ಯಾಯ ಸಲ್ಲಬೇಕು. ಚೀನಾದ ಮಿಲು ಎಂಬ ಜಿಂಕೆಯು ಕಾಡಿನಲ್ಲಿ ಎಂದೋ ಅಳಿದು, ಪೀಕಿಂಗಿನ ದಕ್ಷಿಣಕ್ಕಿದ್ದ ಚಕ್ರವರ್ತಿಯ ಬೇಟೆಯ ತೋಪಿನ ಗೋಡೆಯೊಳಗೆ ಮಾತ್ರ ಉಳಿದಿತ್ತು. 1865ರಲ್ಲಿ ಆರ್ಮಂಡ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿಯು ಗೋಡೆಯಾಚೆಯಿಂದ ಅದನ್ನು ಕಂಡನು. 1895ರ ಪ್ರವಾಹದಲ್ಲಿ ಗೋಡೆ ಒಡೆದು ಜಿಂಕೆಗಳು ಹೊರಬಿದ್ದು ಹಸಿದ ಜನರಿಗೆ ಆಹಾರವಾದುವು. ಉಳಿದವು 1900ರ ಬಾಕ್ಸರ್ ದಂಗೆಯಲ್ಲಿ ಹೋದುವು. ಅಷ್ಟರಲ್ಲಿ ಕೆಲವು ಯೂರೋಪಿನ ಮೃಗಾಲಯಗಳನ್ನು ಸೇರಿದ್ದುದರಿಂದ ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕನು ಅವುಗಳನ್ನು ಕೂಡಿಸಿ ತನ್ನ ವೋಬರ್ನ್ ಉದ್ಯಾನದಲ್ಲಿ ಬೆಳೆಸಿದನು. 1985ರಲ್ಲಿ ಅವುಗಳ ಸಂತತಿಯು ಪೀಕಿಂಗಿನ ಅದೇ ನೆಲಕ್ಕೆ ಹಿಂದಿರುಗಿತು. ಅರಬ್ಬಿಯ ಒರಿಕ್ಸ್ ಎಂಬ ಬಿಳಿಯ ಚಿಗರೆಯ ಕಥೆಯೂ ಹೀಗೆಯೇ. ಕಾಡಿನಲ್ಲಿ ಉಳಿದಿದ್ದ ಕೊನೆಯವುಗಳನ್ನು 1972ರಲ್ಲಿ ಬೇಟೆಗಾರರು ಕೊಂದರು. ಮೃಗಾಲಯಗಳಲ್ಲಿ ಬೆಳೆದ ಸಂತತಿಯು 1982ರಲ್ಲಿ ಓಮಾನಿನ ಮರುಭೂಮಿಗೆ ಮರಳಿತು. ನಮ್ಮ ದೇಶದಲ್ಲಿಯೇ, ಅಸ್ಸಾಮಿನ ಕುಳ್ಳಹಂದಿಗಳಲ್ಲಿ ಆರನ್ನು 1996ರಲ್ಲಿ ಮಾನಸ ಅರಣ್ಯದಿಂದ ಹಿಡಿದು ಗೌಹಾತಿಯ ಬಳಿ ಸಾಕಿ, 2008ರಿಂದ ಅವುಗಳ ಮರಿಗಳನ್ನು ಹುಲ್ಲುಗಾವಲುಗಳಿಗೆ ಬಿಡಲಾಗುತ್ತಿದೆ. ಓಮಾನಿನಲ್ಲಿ ಮತ್ತೆ ಕಳ್ಳಬೇಟೆ ಹಬ್ಬಿ ಒರಿಕ್ಸುಗಳು ಕುಗ್ಗಿದುದೂ ಉಂಟು. ಮನೆಗೆ ಕಳುಹಿಸುವ ಮೊದಲು ಮನೆಯಿರಬೇಕು. ಕಾಡನ್ನು ಕಾಯದೆ ಮೃಗವನ್ನು ಮಾತ್ರ ಕಾಯುವುದು ಬೇರನ್ನು ಬಿಟ್ಟು ಎಲೆಗೆ ನೀರೆರೆದಂತೆ. ಆದರೂ ಈ ಮೂರು ಕಥೆಗಳಲ್ಲಿ ಬಂಧನವು ಬಿಡುಗಡೆಗೆ ಸಾಧನವಾಯಿತು. ಅಲ್ಲಿ ಅದಕ್ಕೆ ಧರ್ಮದ ಬಲವುಂಟು.

ಈಗ ನಮ್ಮ ಮೈಸೂರು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಹತ್ತು ಎಕರೆಗಳಲ್ಲಿ ಸ್ಥಾಪಿಸಿದ ಮೃಗಾಲಯವು ಮುಂದಿನ ಹತ್ತು ವರ್ಷಗಳಲ್ಲಿ 45 ಎಕರೆಗಳಿಗೆ ಬೆಳೆದು, ವಿಶಾಲವಾದ ಆವರಣಗಳಿಂದ ಹೆಸರಾಯಿತು. 1948ರಲ್ಲಿ ಅದು ಅರಮನೆಯಿಂದ ಸರಕಾರದ ಕೈಗೆ ಬಂದಿತು. ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವೂ, 1998ರಲ್ಲಿ ರಾಷ್ಟ್ರೀಯ ಮೃಗಾಲಯ ನೀತಿಯೂ ಬಂದು, ಸಂರಕ್ಷಣೆಯೇ ಮೃಗಾಲಯದ ಮುಖ್ಯ ಗುರಿಯೆಂದು ಗೊತ್ತಾಯಿತು. ಅದೇ 1998ರಲ್ಲಿ ಬಲ್ಗೇರಿಯದಿಂದ ಮದರಾಸಿಗೆ ಆಟವಾಡಿಸಲು ತಂದ ಡಾಲ್ಫಿನ್ನುಗಳು ಕೆಲವೇ ತಿಂಗಳುಗಳಲ್ಲಿ ಸತ್ತುವು. 2013ರ ಮೇ ತಿಂಗಳಿನಲ್ಲಿ ಭಾರತ ಸರಕಾರವು ಡಾಲ್ಫಿನ್ ಪ್ರದರ್ಶನಶಾಲೆಗಳಿಗೆ ಅನುಮತಿ ಕೊಡಕೂಡದೆಂದು ರಾಜ್ಯಗಳಿಗೆ ಸೂಚಿಸಿತು. ಮೀನನ್ನು ಕಟ್ಟಿದವನಿಗೂ ಉತ್ತಮದಂಡವೆಂದ ಶಾಸ್ತ್ರಕಾರನಿಗೆ ಈ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಹೊರಡಲಾರದ ಅತಿಥಿಗಳೂ ಕೆಲವರುಂಟು. ಬೆಂಗಳೂರಿನ ಬಳಿಯ ಬನ್ನೇರುಘಟ್ಟದ ಕರಡಿಗಳ ರಕ್ಷಣಾಕೇಂದ್ರಕ್ಕೆ ಬಂದವು ಬೀದಿಯಲ್ಲಿ ಕುಣಿದ ಕರಡಿಗಳು. ಅವುಗಳ ಮೂಗನ್ನು ಚುಚ್ಚಿ ಹಗ್ಗ ಪೋಣಿಸಿದ್ದರು, ಕೋರೆಗಳನ್ನು ಮುರಿದಿದ್ದರು. ಕೌಟಿಲ್ಯನ ವಿಹಾರವನದ ಉಗುರಿಲ್ಲದ ಮೃಗಗಳು ಇವುಗಳಲ್ಲಿ ಮರುಹುಟ್ಟು ಪಡೆದಂತಿದೆ. ಇವುಗಳಿಗೆ ಬಾಗಿಲು ತೆರೆದರೆ ಕಾಡಿನಲ್ಲಿ ಬದುಕಲಾರವು. ಇಂಥವನ್ನು ಕೊನೆಯವರೆಗೆ ಸಾಕುವುದು ದಯೆಯಲ್ಲ, ಪ್ರಾಯಶ್ಚಿತ್ತ.

ಕೊನೆಗೆ ನನ್ನದೊಂದು ಸಾಲವನ್ನು ಒಪ್ಪಿಕೊಳ್ಳಬೇಕಾಗಿದೆ. ಮೈಸೂರಿನ ಮೃಗಾಲಯಕ್ಕೆ 1995ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಿಂದ ಪೋಲೋ ಎಂಬ ಗಂಡು ಗೊರಿಲ್ಲವು ಬಂದಿತು. ಅದು 2014ರಲ್ಲಿ ಸಾಯುವವರೆಗೆ, ಇಡೀ ಭಾರತದಲ್ಲಿ ತನ್ನ ಜಾತಿಯ ಇನ್ನೊಂದು ಮುಖವಿಲ್ಲದೆ ಎಷ್ಟೋ ವರ್ಷಗಳನ್ನು ಕಳೆಯಿತು. ಅದರ ಪಾಲಕರು ಪ್ರೀತಿಯಿಂದ ನೋಡಿಕೊಂಡರೆಂಬುದರಲ್ಲಿ ಸಂದೇಹವಿಲ್ಲ. ನಾನು ಉಪಾಧ್ಯಾಯನಾಗಿದ್ದಾಗ ಶಾಲೆಯ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದೆನು. ಎಲ್ಲರೂ ಕೇಕೆ ಹಾಕುತ್ತಿರುವಾಗ ಒಬ್ಬ ಹುಡುಗನು ಮಾತ್ರ ನನ್ನ ಪಕ್ಕಕ್ಕೆ ಬಂದು, "ಇದರ ಮನೆಯವರು ಎಲ್ಲಿದ್ದಾರೆ, ಮೇಷ್ಟ್ರೇ?" ಎಂದು ಕೇಳಿದನು. ನಾನು ಗೊರಿಲ್ಲದ ಆಹಾರ, ತೂಕ, ಸ್ವದೇಶಗಳನ್ನು ಪಾಠದಂತೆ ಒಪ್ಪಿಸಿದೆನು. ಅವನು ಕೇಳಿದುದು ಅದಲ್ಲವೆಂದು ಆಗಲೇ ನನಗೆ ತಿಳಿದಿತ್ತು.

2021ರಲ್ಲಿ ಜರ್ಮನಿಯಿಂದ ಅಲ್ಲಿಗೆ ಎರಡು ಗಂಡು ಗೊರಿಲ್ಲಗಳು ಜೊತೆಯಾಗಿ ಬಂದುವು. ಒಂಟಿಯಾಗಿ ಅಲ್ಲದೆ ಜೊತೆಯಾಗಿ ಬಂದುವೆಂಬುದು ಸಮಾಧಾನದ ಸಂಗತಿ. ಆತಿಥ್ಯದ ಒಂದು ಅಂಗವಾದರೂ ನಮಗೆ ಅರ್ಥವಾಗಿದೆಯೆಂದು ತಿಳಿಯಬಹುದು. ಆದರೆ ಹುಡುಗನ ಪ್ರಶ್ನೆ ಹಾಗೆಯೇ ಉಳಿದಿದೆ. ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯಬೇಡಿರೆಂದು ನಾನು ಹೇಳಲಾರೆ. ಅಲ್ಲಿ ಹುಟ್ಟಿದ ಪ್ರೀತಿಯಿಂದ ಕಾಡನ್ನು ಕಾಯಲು ಹೋದವರುಂಟು. ಆದರೆ ಪ್ರತಿಯೊಂದು ಆವರಣದ ಮುಂದೆಯೂ ನಿಂತು ಅವರೊಡನೆ ನಾವೂ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಇಲ್ಲಿಗೆ ಏಕೆ ಬಂದಿತು? ಇದರ ಜೊತೆಗಾರರು ಎಲ್ಲಿ? ಇದರ ಮಕ್ಕಳಾದರೂ ಹಿಂದಿರುಗುವ ದಾರಿಯುಂಟೇ? ಉತ್ತರ ದೊರೆಯುವ ಕಡೆ ಇರುವುದು ಅತಿಥಿ. ದೊರೆಯದ ಕಡೆ ಇರುವುದು ಬಂದಿ. ಅದರ ಸೆರೆಗೆ ಪ್ರವೇಶದ ಚೀಟಿಯನ್ನು ಕೊಂಡ ನಾವೆಲ್ಲರೂ ಪಾಲುಗಾರರು.