ಎರಡು ಗ್ರಾಫಿಕ್ಸ್, ಒಂದು ಪರದೆ: ಸ್ವಿಚ್ಚು ಯಾರ ಕೈಯಲ್ಲಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರು ಲ್ಯಾಪ್‌ಟಾಪ್ ಕೊಳ್ಳಲು ಬೆಳಗಾವಿಗೋ ಕೊಲ್ಲಾಪುರಕ್ಕೋ ಮಿರಜಕ್ಕೋ ಹೋದರೆ ಅಂಗಡಿಯವನಿಗೆ ಹಾಕುವ ಪ್ರಶ್ನೆ ಒಂದೇ: ‘ಗ್ರಾಫಿಕ್ಸ್ ಕಾರ್ಡ್ ಐತೇನ್ರಿ?’ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕ್ಯಾಡ್ ಓಡಬೇಕು, ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವನಿಗೆ ಪ್ರೀಮಿಯರ್ ಓಡಬೇಕು. ‘ಐತಿ’ ಎಂಬ ಉತ್ತರ ಬಂದೊಡನೆ ಮಾತು ರೇಟಿಗೆ ಹೊರಳುತ್ತದೆ. ಆ ಕಾರ್ಡನ್ನು ಕೆಲಸಕ್ಕೆ ಎಬ್ಬಿಸುವವರು ಯಾರು ಎಂದು ಕೇಳುವವರು ಕಡಿಮೆ. ಎರಡು ಗ್ರಾಫಿಕ್ಸ್ ಚಿಪ್ಪುಗಳ ನಡುವೆ ಬದಲಿಸುವ ತಂತ್ರಜ್ಞಾನದ ಸುಮಾರು ಇಪ್ಪತ್ತು ವರ್ಷಗಳ ಕಥೆಯೆಲ್ಲ ಇರುವುದು ಅಲ್ಲೇ.

ಇಂಥ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪುಗಳು ಎರಡು. ಪ್ರೊಸೆಸರ್ ಜೊತೆಗೇ ಬರುವುದು ಮಿತವ್ಯಯಿ. ಬೇರೆಯಾಗಿ ಕೂರಿಸಿದ್ದು ಬಲಶಾಲಿ, ಆದರೆ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಕರೆಂಟ್ ಯಾವಾಗ ಹೋದೀತೆಂದು ಹೇಳಲಾಗದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

2006ರಲ್ಲಿ ಬಂದ ಸೋನಿ ವಯೋ ಎಸ್‌ಜೆಡ್ ಮಾದರಿಯಲ್ಲಿ ಚಿಪ್ ಬದಲಿಸಲು ಒಂದು ನಿಜವಾದ ಗುಂಡಿಯೇ ಇತ್ತು. ಒಂದು ಬದಿಗೆ ‘ಸ್ಪೀಡ್’, ಇನ್ನೊಂದು ಬದಿಗೆ ‘ಸ್ಟ್ಯಾಮಿನಾ’. ಗುಂಡಿ ಸರಿಸಿದ ಮೇಲೆ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಬೇಕಿತ್ತು. ತೊಡಕಿನದೇ, ಆದರೆ ಪ್ರಾಮಾಣಿಕ ವ್ಯವಸ್ಥೆ: ಯಾವ ಚಿಪ್ ಓಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. 2008ರಲ್ಲಿ ಎಎಂಡಿ ಇದೇ ಕೆಲಸಕ್ಕೆ ಪವರ್‌ಎಕ್ಸ್‌ಪ್ರೆಸ್ ತಂದಿತು. ಅದೇ ವರ್ಷದ ಮ್ಯಾಕ್‌ಬುಕ್ ಪ್ರೊದಲ್ಲಿ ಚಿಪ್ ಬದಲಿಸಲು ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕಿತ್ತು. ವಿಂಡೋಸ್ ವಿಸ್ಟಾದ್ದು ಬೇರೆಯೇ ಅಡ್ಡಿ. ಎರಡು ಕಂಪನಿಗಳ ಗ್ರಾಫಿಕ್ಸ್ ಡ್ರೈವರ್‌ಗಳು ಒಟ್ಟಿಗೆ ಇರುವುದನ್ನು ಅದು ಒಪ್ಪುತ್ತಿರಲಿಲ್ಲ. ವಿಂಡೋಸ್ 7 ಬಂದ ಮೇಲೆ ಆ ತಡೆ ಹೋಯಿತು.

ದೊಡ್ಡ ತಿರುವು 2010ರ ಫೆಬ್ರುವರಿಯದು. ಎನ್‌ವಿಡಿಯಾ ಪ್ರಕಟಿಸಿದ ಆಪ್ಟಿಮಸ್‌ನಲ್ಲಿ ಗುಂಡಿಯೂ ಇಲ್ಲ, ಪರದೆಯ ತಂತಿಯನ್ನು ಅತ್ತಿಂದಿತ್ತ ತಿರುಗಿಸುವ ಮಕ್ಸ್ ಎಂಬ ಚಿಪ್ಪೂ ಇಲ್ಲ. ಪರದೆಯ ತಂತಿ ಖಾಯಂ ಆಗಿ ಸಣ್ಣ ಚಿಪ್ಪಿಗೇ ಜೋಡಣೆ. ಭಾರದ ಕೆಲಸ ಬಂದಾಗ ದೊಡ್ಡ ಚಿಪ್ ಎದ್ದು ಚಿತ್ರ ಬಿಡಿಸುತ್ತದೆ. ಆ ಚಿತ್ರ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಮುಖ್ಯ ಮೆಮೊರಿಗೆ ನಕಲಾಗುತ್ತದೆ, ಸಣ್ಣ ಚಿಪ್ ಅದನ್ನು ಪರದೆಗೆ ದಾಟಿಸುತ್ತದೆ. ಕೆಲಸ ಮುಗಿದರೆ ದೊಡ್ಡದರ ಕರೆಂಟ್ ಪೂರ್ತಿ ಬಂದ್. ಬಳಸುವವನಿಗೆ ಇದರ ಸುಳಿವೂ ಸಿಗುವುದಿಲ್ಲ.

ಯಾವುದು ಭಾರದ ಕೆಲಸ ಎಂದು ತೀರ್ಮಾನಿಸುತ್ತಿದ್ದದ್ದು ಡ್ರೈವರ್‌ನೊಳಗಿನ ಪಟ್ಟಿ. ಕಂಪನಿ ಅದನ್ನು ಇಂಟರ್ನೆಟ್ ಮೂಲಕ ಆಗಾಗ ತಿದ್ದುತ್ತಿತ್ತು. ಹೆಸರಾಂತ ಗೇಮುಗಳು ಅದರಲ್ಲಿ ಇದ್ದೇ ಇರುತ್ತಿದ್ದವು. ಆದರೆ ಸಣ್ಣ ಊರಿನ ಸ್ಟುಡಿಯೊದವನು ಆಲ್ಬಮ್ ಮಾಡಲು ಬಳಸುವ ಯಾವುದೋ ಅಗ್ಗದ ಸಾಫ್ಟ್‌ವೇರ್ ಅಮೆರಿಕದ ಪಟ್ಟಿಗೆ ಹೇಗೆ ಸೇರೀತು? ದುಡ್ಡು ಕೊಟ್ಟು ತಂದ ಕಾರ್ಡ್ ಮಲಗಿಯೇ ಇರುತ್ತದೆ, ಅವನು ‘ಹ್ಯಾಂಗ್ ಆಗಾಕತ್ತೈತಿ’ ಎಂದು ಲ್ಯಾಪ್‌ಟಾಪನ್ನೇ ಬೈಯುತ್ತಾನೆ. ಸ್ವಯಂಚಾಲಿತ ಎಂದರೆ ಇನ್ನೊಬ್ಬರು ಮೊದಲೇ ಮಾಡಿಟ್ಟ ತೀರ್ಮಾನ, ಅಷ್ಟೇ.

ಲಿನಕ್ಸ್ ಬಳಸುವವರ ಪಾಡು ಇನ್ನೂ ಕಷ್ಟದ್ದು. ಆಪ್ಟಿಮಸ್‌ಗೆ ಎನ್‌ವಿಡಿಯಾ ಅಲ್ಲಿ ಮೊದಲಿಗೆ ಬೆಂಬಲವನ್ನೇ ಕೊಡಲಿಲ್ಲ. 2010ರಲ್ಲಿ ಡೇವ್ ಏರ್ಲೀ ಎಂಬ ಪ್ರೋಗ್ರಾಮರ್ ಬರೆದ, ಚಿಪ್ ಬದಲಿಸುವ ‘ವಿಜಿಎ ಸ್ವಿಚರೂ’ ಎಂಬ ಕೋಡ್ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಸೇರಿತು. 2011ರಲ್ಲಿ ಆಸಕ್ತರೇ ಕೂಡಿ, ಲಿನಕ್ಸಿನಲ್ಲಿ ಆಪ್ಟಿಮಸ್ ಓಡಿಸಲು ಬಂಬಲ್‌ಬೀ ಕಟ್ಟಿದರು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಸ್ಪೇಸ್ ಹೆಚ್ಚಾಗಿ ನುಸುಳಿ, ಬಳಕೆದಾರರ ಸಿಸ್ಟಮ್ ಪ್ರೋಗ್ರಾಮುಗಳಿರುವ ಇಡೀ ಯುಎಸ್‌ಆರ್ ಫೋಲ್ಡರ್ ಅಳಿಸಿಹೋದದ್ದು ಈಗಲೂ ಪ್ರೋಗ್ರಾಮರರ ನಗೆಗೆ ಆಹಾರ. 2012ರ ಜೂನ್‌ನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಆಪ್ಟಿಮಸ್ ಬಗ್ಗೆ ಪ್ರಶ್ನೆ ಬಂದಾಗ ಲಿನಕ್ಸ್ ಕರ್ನಲ್ಲಿನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ತಿರುಗಿ ಎನ್‌ವಿಡಿಯಾಕ್ಕೆ ನಡುಬೆರಳು ತೋರಿಸಿದ್ದು ಎಲ್ಲರಿಗೂ ಗೊತ್ತು. ಮರ್ಯಾದೆಯ ನಡೆಯಲ್ಲ, ಸಿಟ್ಟು ಮಾತ್ರ ನ್ಯಾಯದ್ದೇ. 2013ರಲ್ಲಿ ಕಂಪನಿ ಲಿನಕ್ಸಿಗೆ ಅರೆಬರೆ ಬೆಂಬಲ ಕೊಟ್ಟು ಅರ್ಧ ದಾರಿ ಬಂತು. ಬೇಕಾದ ಒಂದು ಪ್ರೋಗ್ರಾಮನ್ನಷ್ಟೇ ದೊಡ್ಡ ಚಿಪ್ಪಿಗೆ ವಹಿಸುವ ಸೌಲಭ್ಯ ಅದರ ಡ್ರೈವರ್‌ನಲ್ಲಿ ಸಿಕ್ಕಿದ್ದು 2019ರಲ್ಲಿ.

ಅಷ್ಟರಲ್ಲಿ ವಿಂಡೋಸ್ ತಾನೇ ಯಜಮಾನಿಕೆಗೆ ಇಳಿದಿತ್ತು. 2018ರ ಏಪ್ರಿಲ್ ಅಪ್‌ಡೇಟ್ ನಂತರ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲೇ ಯಾವ ಪ್ರೋಗ್ರಾಮಿಗೆ ಯಾವ ಚಿಪ್ ಎಂದು ಹೇಳಬಹುದು. ಪಟ್ಟಿ ವಿಂಡೋಸ್ ಒಳಗೇ ಬಳಸುವವನ ಕೈಗೆ ಸಿಕ್ಕಿತು, ಆದರೆ ಆ ಪುಟ ತೆರೆದು ನೋಡುವವರು ಎಷ್ಟು ಮಂದಿಯೋ.

ಮಕ್ಸ್ ಮರಳಿದ್ದು ಗೇಮ್ ಆಡುವವರ ಒತ್ತಾಯಕ್ಕೆ. ನಕಲು ಮಾಡಿ ದಾಟಿಸುವಾಗ ವೇಗದ ಪರದೆಗಳಲ್ಲಿ ಒಂದಿಷ್ಟು ಫ್ರೇಮ್ ನಷ್ಟವಾಗುತ್ತಿತ್ತು. 2020ರ ಅಡ್ವಾನ್ಸ್ಡ್ ಆಪ್ಟಿಮಸ್ ಪರದೆಯ ತಂತಿಯನ್ನೇ, ರೀಸ್ಟಾರ್ಟ್ ಇಲ್ಲದೆ, ದೊಡ್ಡ ಚಿಪ್ಪಿಗೆ ಹೊರಳಿಸುತ್ತದೆ. ಅದೇ ವರ್ಷ ಆಪಲ್ ಎಂ1 ತಂದು, ಮ್ಯಾಕ್‌ಗಳ ಮಟ್ಟಿಗೆ ಎರಡನೆಯ ಚಿಪ್ಪಿಗೇ ವಿದಾಯ ಹೇಳಲು ಶುರುಮಾಡಿತು.

ಮಕ್ಸ್ ಇರುವ ಲ್ಯಾಪ್‌ಟಾಪ್ ಕೊಂಡ ವಿಡಿಯೊದವರು ‘ದೊಡ್ಡ ಕಾರ್ಡ್ ಮಾತ್ರ’ ಎಂಬ ಆಯ್ಕೆ ಒತ್ತಿ ನಿಶ್ಚಿಂತರಾಗುವುದುಂಟು. ಅಲ್ಲೇ ಒಂದು ತೊಡಕಿದೆ. 2011ರಿಂದ ಇಂಟೆಲ್‌ನ ಸಣ್ಣ ಚಿಪ್ಪಿನಲ್ಲಿ ಕ್ವಿಕ್ ಸಿಂಕ್ ಎಂಬ ವಿಡಿಯೊ ಬಿಚ್ಚುವ, ಕಟ್ಟುವ ಭಾಗವಿದೆ. ಈಗಿನ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಎಚ್.265 ಫೈಲುಗಳನ್ನು ಈಚಿನ ಇಂಟೆಲ್ ಚಿಪ್ಪುಗಳು ಹಾರ್ಡ್‌ವೇರಿನಲ್ಲೇ ಬಿಚ್ಚುತ್ತವೆ. ಎನ್‌ವಿಡಿಯಾ ಕಾರ್ಡುಗಳು ಆ ಕೆಲಸ ಕಲಿತದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹಳೆಯ ಆರ್‌ಟಿಎಕ್ಸ್ ಕಾರ್ಡ್ ಇರುವವರು ಸಣ್ಣ ಚಿಪ್ಪನ್ನು ಬಂದ್ ಮಾಡಿದರೆ ಅಕ್ಷತೆಯ ದೃಶ್ಯ ಟೈಮ್‌ಲೈನ್‌ನಲ್ಲಿ ತಡವರಿಸತೊಡಗುತ್ತದೆ. ಅವರು ಎರಡೂ ಚಿಪ್ಪುಗಳನ್ನು ಬಳಸುವ ಹೈಬ್ರಿಡ್ ಆಯ್ಕೆಯಲ್ಲೇ ಇದ್ದು, ಪ್ರೀಮಿಯರನ್ನು ಮಾತ್ರ ವಿಂಡೋಸ್‌ನ ಆ ಪುಟದಲ್ಲಿ ದೊಡ್ಡ ಕಾರ್ಡಿಗೆ ವಹಿಸುವುದು ಒಳ್ಳೆಯದು.