ಬಜಪೆಗೆ ಮುನ್ನೂರು ಕಿಲೋಮೀಟರ್

1951ರ ಡಿಸೆಂಬರ್ 25ರಂದು ಬಜಪೆಯ ಗುಡ್ಡದ ಮೇಲೆ ಡಿಸಿ-3 ವಿಮಾನವೊಂದು ಇಳಿಯಿತು. ಅದರಲ್ಲಿ ಬಂದವರು ಪ್ರಧಾನಿ ಜವಾಹರಲಾಲ್ ನೆಹರೂ. ಮಂಗಳೂರಿನ ವಿಮಾನ ನಿಲ್ದಾಣ ಶುರುವಾದದ್ದು ಅಂದು. ಆಗ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ಎರಡೂ ಊರು ಒಂದೇ ರಾಜ್ಯದ ಪಾಲಾದದ್ದು 1956ರ ನವೆಂಬರ್ 1ರಂದು.

ರಾಜ್ಯ ಒಂದಾದರೂ ಘಟ್ಟ ಅಡ್ಡಲಾಗಿಯೇ ನಿಂತಿತ್ತು. ಮಂಗಳೂರಿನಲ್ಲಿ ರೈಲು ಹತ್ತಿದವರು ಬೆಂಗಳೂರು ಸೇರಲು ಶೊರನೂರು, ಪಾಲಕ್ಕಾಡು, ಸೇಲಂ, ಜೋಲಾರ್‌ಪೇಟೆ ಎಂದು ಎರಡು ರಾಜ್ಯ ಸುತ್ತಬೇಕಿತ್ತು. ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 57 ಸುರಂಗ ಕೊರೆದು ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಹಾಕಿ ಮುಗಿಸಿದ್ದು 1979ರಲ್ಲಿ. ಅದೂ ಬ್ರಾಡ್‌ಗೇಜ್ ಕೆಲಸಕ್ಕೆಂದು ತೊಂಬತ್ತರ ದಶಕದಲ್ಲಿ ನಿಂತುಹೋಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ರೈಲಿಲ್ಲದ ಅಷ್ಟೂ ವರ್ಷ ಕರಾವಳಿಗೂ ರಾಜಧಾನಿಗೂ ನೇರ ದಾರಿ ಎಂದರೆ ಶಿರಾಡಿ ಘಾಟಿಯ ತಿರುವುಗಳು, ಇಲ್ಲವೇ ಆಕಾಶ.

ಆಕಾಶದ ಲೆಕ್ಕ ಸರಳ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಬಜಪೆಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಡಕೋಟಾ ಎಂದೇ ಹೆಸರಾಗಿದ್ದ ಡಿಸಿ-3ಗೆ ಇದು ಒಂದು ಗಂಟೆಗೂ ಮಿಕ್ಕಿದ ಹಾದಿ. ಈಗಿನ ಎಟಿಆರ್ ಪ್ರೊಪೆಲರ್ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ, ಜೆಟ್ 800ರ ಸಮೀಪ. ಆದರೂ ವೇಳಾಪಟ್ಟಿಯಲ್ಲಿ ಎರಡರ ನಡುವೆ ಇರುವ ಅಂತರ ಕೆಲವೇ ನಿಮಿಷಗಳದ್ದು. ಕಾರಣ ಸ್ಪಷ್ಟ: ಇಷ್ಟು ಕಡಿಮೆ ದೂರದಲ್ಲಿ ಜೆಟ್ ಮೇಲೇರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲೇ ಇಳಿಯಲು ಅಣಿಯಾಗಬೇಕು. ಗಗನಸಖಿ ನೀರು ಕೊಟ್ಟು ಲೋಟ ಹಿಂದಕ್ಕೆ ತೆಗೆದುಕೊಳ್ಳುವುದರೊಳಗೆ ಬೆಲ್ಟ್ ಕಟ್ಟಿಕೊಳ್ಳಿ ಎಂಬ ದೀಪ ಹೊತ್ತಿರುತ್ತದೆ. ಟಿಕೆಟ್ಟಿನಲ್ಲಿ ಕಾಣುವ ಒಂದು ಗಂಟೆಯಲ್ಲಿ ರನ್‌ವೇವರೆಗಿನ ಓಡಾಟವೂ ಸೇರಿದೆ. ಜೆಟ್ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯೊಳಗೆ.

ಕಷ್ಟವಿರುವುದು ಇಳಿಯುವಲ್ಲಿ. ಬಜಪೆಯದು ಗುಡ್ಡದ ನೆತ್ತಿ ಸಮಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ತುದಿ ದಾಟಿದರೆ ಕಣಿವೆ. ಹಳೆಯ ರನ್‌ವೇ ಉದ್ದ ಬರೀ 1,615 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಮಳೆಯಲ್ಲಿ ನೆನೆದ ಆ ರನ್‌ವೇಯನ್ನು ದಾಟಿ ಮುಂದೆ ಹೋಗಿ, ಕಣಿವೆಯ ಅಂಚಿನಲ್ಲಿ ನಿಂತಿತು. ಯಾರ ಜೀವವೂ ಹೋಗಲಿಲ್ಲ. 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಬಂತು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅದನ್ನೂ ಮೀರಿ ಕಣಿವೆಗೆ ಉರುಳಿದಾಗ 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಜನ. ಮುಂಗಾರಿನಲ್ಲಿ ಪೈಲಟ್ ಇಳಿಯದೆ ಬೆಂಗಳೂರಿಗೇ ಹಿಂತಿರುಗಿದರೆ ಗೊಣಗುವ ಪ್ರಯಾಣಿಕರು ಈ ಎರಡು ದಿನಗಳನ್ನು ನೆನೆಯಬೇಕು.

2008ರ ಮೇ 24ರಂದು ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು. ಇದರಿಂದ ಆಕಾಶದಲ್ಲಿ ಹೆಚ್ಚಿದ್ದು ನಾಲ್ಕೈದು ಕಿ.ಮೀ. ಮಾತ್ರ. ನೆಲದ ಮೇಲಿನ ಕಥೆಯೇ ಬೇರೆ: ಜಯನಗರದವರಿಗೆ ನಿಲ್ದಾಣ ಮುಟ್ಟುವ ಹೊತ್ತು ಹಾರಾಟದ ಹೊತ್ತನ್ನೇ ಮೀರಿತು. ಮೆಜೆಸ್ಟಿಕ್ಕಿನ ರಾತ್ರಿ ಬಸ್ಸುಗಳಿಗೆ ಇಂದಿಗೂ ಗಿರಾಕಿಗಳಿರುವುದರಲ್ಲಿ ದರದಷ್ಟೇ ಇದರ ಪಾಲೂ ಇದೆ.

ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆಯೂ ಘಟ್ಟದ ರೈಲೂ ಒಟ್ಟಿಗೆ ಬಂದ್ ಆದವು. ತುರ್ತಾಗಿ ಬೆಂಗಳೂರಿಗೆ ಹೊರಡಬೇಕಾದ ಕರಾವಳಿಯವರು ಆಗ ಚಾರ್ಮಾಡಿ ಘಾಟಿಯ ಇಕ್ಕಟ್ಟಿನ ತಿರುವುಗಳನ್ನು ನೆಚ್ಚಬೇಕಿತ್ತು, ಇಲ್ಲವೇ ಬಜಪೆಗೆ ಹೋಗಬೇಕಿತ್ತು.